ಬೂಟು ಬಿಗಿಯಾದರೆ ಕಾಲನ್ನು ಬೈಯಬೇಡಿ

ತುಮಕೂರಿನಲ್ಲಿ ತಂದೆಯ ಕಾಲದಿಂದ ಬೂಟು, ಚಪ್ಪಲಿ ಹೊಲಿಯುವ ಅಂಗಡಿ ನಡೆಸಿಕೊಂಡು ಬಂದಿರುವ ಹಿರಿಯರು ಈ ಸಂಚಿಕೆಯಲ್ಲಿ ಓದುಗರ ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಅಣ್ಣಾ, ನನಗೆ ಕೆಲಸ ಸಿಕ್ಕಿತು ಅಂತ ನಮ್ಮಣ್ಣ ಬೆಂಗಳೂರಿನಿಂದ ಚರ್ಮದ ಬೂಟು ತಂದುಕೊಟ್ಟಿದ್ದಾನೆ. ಕಂದು ಬಣ್ಣದ್ದು, ಲೇಸ್ ಕಟ್ಟುವಂಥದ್ದು, ಕಣಕಾಲಿನವರೆಗೆ ಬರುತ್ತದೆ. ನನ್ನ ಸೈಜ್ 8, ಬೂಟೂ 8. ಆದರೂ ಬಲಗಾಲಿನ ಕಿರುಬೆರಳ ಹತ್ತಿರ ಕಚ್ಚುತ್ತದೆ, ಪಾದದ ಮೇಲೂ ಒತ್ತುತ್ತದೆ. ಅರ್ಧ ಗಂಟೆ ಹಾಕಿದರೆ ಸಾಕು, ಬಿಚ್ಚಿಬಿಡೋಣ ಅನಿಸುತ್ತದೆ. ವಾಪಸ್ ಕೊಡುವ ಗಡುವು ಮುಗಿದಿದೆ. ಅಣ್ಣ ಅಷ್ಟು ಆಸೆಯಿಂದ ತಂದಿದ್ದಾನೆ, ಅವನಿಗೆ ಹೇಳಲು ಮನಸ್ಸಿಲ್ಲ. ಅಜ್ಜಿ ಹರಳೆಣ್ಣೆ ಹಚ್ಚು ಅಂತಾರೆ. ಒಬ್ಬ ಸ್ನೇಹಿತ ನೀರಿನ ಕವರ್ ಒಳಗಿಟ್ಟು ಫ್ರೀಜರ್‌ನಲ್ಲಿ ಇಡು ಅಂತಾನೆ. ಇನ್ನೊಬ್ಬ ಬೂಟು ಒದ್ದೆ ಮಾಡಿ ಹಾಕಿಕೊಂಡು ಓಡಾಡು ಅಂತಾನೆ. ಯಾರ ಮಾತು ಕೇಳಲಿ?
— ಕೊರಟಗೆರೆ ತಾಲ್ಲೂಕಿನ ಓದುಗ

ಉತ್ತರ: ಮೂವರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಪ್ಪ. ಎಣ್ಣೆ, ನೀರು, ಐಸು ಎಲ್ಲ ಆಮೇಲೆ. ಬೂಟು ಎಲ್ಲಿ ಸಾಲದು ಅನ್ನೋದು ಮೊದಲು ಗೊತ್ತಾಗಬೇಕು. ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು "ಬೂಟು ಚಿಕ್ಕದು" ಅಂತಷ್ಟೇ ಹೇಳುತ್ತಾರೆ. ಹಾಕಿಸಿ ನೋಡಿದರೆ ಎಷ್ಟೋ ಸಲ ಉದ್ದ ಸರಿಯಾಗಿಯೇ ಇರುತ್ತದೆ. ಬೆರಳು ಹರಡುವ ಜಾಗದಲ್ಲಿ ಮಾತ್ರ ಹಿಡಿದಿರುತ್ತದೆ. ಇವೆರಡೂ ಬೇರೆ ಬೇರೆ ಕಾಯಿಲೆ. ಒಂದಕ್ಕೆ ಮದ್ದಿದೆ, ಇನ್ನೊಂದಕ್ಕೆ ಇಲ್ಲ.

ಇವತ್ತು ಸಂಜೆಯೇ ಪರೀಕ್ಷೆ ಮಾಡು. ದಿನವೆಲ್ಲ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಆಗಿನ ಅಳತೆಯೇ ನಿಜವಾದ ಅಳತೆ. ಯಾವ ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೀಯೋ ಅದನ್ನೇ ಹಾಕು. ಲೇಸ್ ಪೂರ್ತಿ ಸಡಿಲ ಮಾಡಿ, ಬೂಟಿನೊಳಗೆ ಕಾಲನ್ನು ಮುಂದಕ್ಕೆ ತಳ್ಳಿ ಎದ್ದು ನಿಲ್ಲು. ಬೆರಳ ತುದಿ ಮುಂದಕ್ಕೆ ತಾಗಬೇಕು. ಈಗ ಹಿಮ್ಮಡಿಯ ಹಿಂದೆ ಕೈಬೆರಳು ಒಂದು ಇಳಿಯುತ್ತಾ? ಇಳಿದರೆ ಉದ್ದಕ್ಕೆ ತೊಂದರೆ ಇಲ್ಲ. ಇಳಿಯಲೇ ಇಲ್ಲ, ಅಥವಾ ಲೇಸ್ ಕಟ್ಟಿ ನಿಂತಾಗಲೂ ಬೆರಳು ಮುಂದಕ್ಕೆ ಒತ್ತುತ್ತಿದೆ ಅಂದರೆ ಬೂಟು ನಿನ್ನದಲ್ಲ. ಯಾರ ಕೈಗೆ ಕೊಟ್ಟರೂ ಅದು ಉದ್ದ ಆಗೋದಿಲ್ಲ. ಕೆಳಗೆ ಅಟ್ಟೆ ಇದೆ, ಅದು ಎಳೆದರೆ ಬರುವ ವಸ್ತುವಲ್ಲ. ಮುಂದೆ ಬೆರಳ ಮೇಲೆ, ಹಿಂದೆ ಹಿಮ್ಮಡಿಯ ಸುತ್ತ ಚರ್ಮದ ಎರಡು ಪದರದ ನಡುವೆ ಗಟ್ಟಿ ಹಾಳೆ ಇಟ್ಟು ಹೊಲಿದಿರುತ್ತಾರೆ. ಅವೂ ಜಗ್ಗೋದಿಲ್ಲ. ಹೆಬ್ಬೆರಳು ನೋಡಿ ಸುಮ್ಮನಾಗಬೇಡ. ತುಂಬಾ ಜನರಿಗೆ ಎರಡನೇ ಬೆರಳೇ ಉದ್ದ ಇರುತ್ತದೆ.

ನೀನು ಬರೆದಿರೋದು ನೋಡಿದರೆ ಕಿರುಬೆರಳು, ಪಾದದ ಮೇಲ್ಭಾಗ. ಅಂದರೆ ಅಗಲ ಮತ್ತು ಎತ್ತರ. ಇದು ಒಳ್ಳೆಯ ಸುದ್ದಿ. ಚರ್ಮ ಅಗಲಕ್ಕೆ ಬಿಡುತ್ತದೆ.

ಸೈಜ್ 8ಕ್ಕೆ 8 ಇದ್ದೂ ಯಾಕೆ ಹೀಗಾಯಿತು ಅಂತ ನಿನಗೆ ಅನಿಸಿರಬಹುದು. ಬೂಟಿನ ಮೇಲೆ ಬರೆದಿರುವ ನಂಬರು ಉದ್ದ ಮಾತ್ರ ಹೇಳುತ್ತದೆ. ನಮ್ಮಲ್ಲಿ ನಡೆಯುವುದು ಇಂಗ್ಲೆಂಡಿನ ಲೆಕ್ಕ. ಒಂದು ನಂಬರು ಜಾಸ್ತಿ ಆದರೆ ಉದ್ದ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್ ಹೆಚ್ಚುತ್ತದೆ. ಅಗಲ ಎಷ್ಟು ಅನ್ನೋದು ಆ ಕಂಪನಿ ಯಾವ ಅಚ್ಚಿನ ಮೇಲೆ ಹೊಲಿಯಿತೋ ಅದರ ಮೇಲೆ. ಹೊರದೇಶದಲ್ಲಿ ಕೆಲವು ಕಂಪನಿಗಳು ಒಂದೇ ನಂಬರಿನಲ್ಲಿ ಕಿರಿದು, ಸಾಧಾರಣ, ಅಗಲ ಅಂತ ಬೇರೆ ಬೇರೆ ಬೂಟು ಮಾಡುತ್ತವೆ. ನಮ್ಮ ಊರಿನ ಅಂಗಡಿಗಳಲ್ಲಿ ಅದನ್ನು ಕೇಳಿದರೆ ಸಿಗೋದು ಕಷ್ಟ. ಚೆನ್ನೈನಲ್ಲಿರುವ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಬೇರೆ ಬೇರೆ ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ಯಂತ್ರದಲ್ಲಿ ಅಳೆದರು. ಯುರೋಪ್, ಅಮೆರಿಕದವರ ಪಾದಕ್ಕಿಂತ ನಮ್ಮವರ ಪಾದ ಅಗಲ ಅಂತ ಅದರಲ್ಲಿ ಗೊತ್ತಾಯಿತು. ಅದಕ್ಕೇ ನಮ್ಮ ದೇಶಕ್ಕೆ ನಮ್ಮದೇ ಅಳತೆ ಇರಲಿ ಅಂತ 'ಭಾ' ಅನ್ನೋ ಹೆಸರಲ್ಲಿ ಹೊಸ ಸೈಜಿನ ಲೆಕ್ಕ ಹಾಕಿದ್ದಾರೆ. ಇದನ್ನು ಓದಿದಾಗ ನನಗೆ ಬಹಳ ಸಮಾಧಾನ ಆಯಿತು. ರಾಗಿ ಹೊಲದಲ್ಲಿ, ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರ ಪಾದ ಹರಡಿಕೊಂಡಿರುತ್ತದೆ. ಅಂಥವರು ಅಂಗಡಿಯಲ್ಲಿ ಕೂತು ಬೂಟು ಹಾಕಿಕೊಳ್ಳೋವಾಗ "ನನ್ನ ಕಾಲೇ ಸರಿಯಿಲ್ಲ" ಅಂತ ಸಂಕೋಚಪಡೋದನ್ನು ಎಷ್ಟೋ ಸಲ ನೋಡಿದ್ದೇನೆ. ನೋಡಿದಾಗೆಲ್ಲ ಬೇಜಾರಾಗುತ್ತದೆ. ಕಾಲು ಸರಿಯಾಗೇ ಇದೆ. ಅದು ಎಷ್ಟು ಅಗಲ ಇರಬೇಕೋ ಅಷ್ಟಿದೆ. ಬಗ್ಗಬೇಕಾದ್ದು ಬೂಟು.

ಈಗ ಕೆಲಸಕ್ಕೆ ಬರೋಣ. ದುಡ್ಡು ಖರ್ಚಾಗದ್ದನ್ನು ಮೊದಲು ಮಾಡು. ಬೂಟಿನ ಒಳಗಿರುವ ಮೆತ್ತನೆ ಹಾಳೆ, ಇನ್‌ಸೋಲ್ ಅಂತೀವಲ್ಲ, ಅದು ಎತ್ತಿದರೆ ಬರುತ್ತಾ ನೋಡು. ಬಂದರೆ ತೆಗೆದು ತೆಳುವಾದ ಇನ್ನೊಂದನ್ನು ಹಾಕು. ಅಷ್ಟರಿಂದಲೇ ಪಾದ ಕೆಳಗಿಳಿದು ಮೇಲಿನ ಒತ್ತು ಕಡಿಮೆ ಆಗಬಹುದು. ಅಂಟಿಸಿದ್ದರೆ ಕೀಳಬೇಡ.

ಆಮೇಲೆ ಲೇಸು. ಪಾದದ ಮೇಲೆ ಯಾವ ಜಾಗದಲ್ಲಿ ಒತ್ತುತ್ತದೋ ಅಲ್ಲಿಗೆ ಬಂದಾಗ ಲೇಸನ್ನು ಅಡ್ಡ ಹಾಕಬೇಡ. ಎರಡೂ ಕಡೆ ಅದೇ ಪಕ್ಕದ ಮೇಲಿನ ತೂತಿಗೆ ನೇರವಾಗಿ ಏರಿಸಿ, ಅಲ್ಲಿಂದ ಮತ್ತೆ ಅಡ್ಡ ಹಾಕಿಕೊಂಡು ಹೋಗು. ನಡುವೆ ಕಿಟಕಿ ತರಹ ಒಂದು ಖಾಲಿ ಜಾಗ ಉಳಿಯುತ್ತದೆ. ಒತ್ತುವ ಜಾಗ ಆ ಕಿಟಕಿಯಲ್ಲಿ ಬಂದರೆ ಎಷ್ಟೋ ಜನರಿಗೆ ಮೇಲ್ಭಾಗದ ನೋವು ಅಲ್ಲಿಗೇ ಮುಗಿಯುತ್ತದೆ. ಇದನ್ನು ಹೇಳೋಕೆ ಕಾರಣ ಇದೆ. ಬೂಟು ಹಿಗ್ಗಿಸುವ ಸಾಧಾರಣ ಸ್ಟ್ರೆಚರ್ ಪಾದದ ಮೇಲ್ಭಾಗ ಎತ್ತೋದಿಲ್ಲ. ಅದಕ್ಕೆ ಬೇರೆ ಅಚ್ಚು ಬೇಕು, ಎಲ್ಲರ ಹತ್ತಿರ ಇರೋದಿಲ್ಲ.

ಕಿರುಬೆರಳಿಗೆ ಮಾತ್ರ ಹಿಗ್ಗಿಸಲೇಬೇಕು. ಮೊದಲು ಜಾಗ ಗುರುತು ಮಾಡಬೇಕು. ಹಳೇ ಬಿಳಿ ಕಾಲುಚೀಲ ಹಾಕಿಕೋ. ಎಲ್ಲಿ ನೋವೋ ಅಲ್ಲಿ ಚೀಲದ ಮೇಲೆ ಒಂದು ಚಿಟಿಕೆ ಕುಂಕುಮವನ್ನು ನೀರಲ್ಲಿ ಕಲಸಿ ಹಚ್ಚು. ಬೂಟು ಹಾಕಿ ಲೇಸ್ ಕಟ್ಟಿ ನಾಲ್ಕು ಹೆಜ್ಜೆ ನಡೆದು, ಅತ್ತಿತ್ತ ಜಾರದ ಹಾಗೆ ನಿಧಾನವಾಗಿ ಬಿಚ್ಚು. ಟಾರ್ಚ್ ಹಾಕಿ ಒಳಗೆ ನೋಡು, ಕೆಂಪು ಚುಕ್ಕೆ ಕಾಣುತ್ತದೆ. ಅದೇ ಜಾಗ. ಹೊರಗಿನಿಂದ ಅದಕ್ಕೆ ಸರಿಯಾಗಿ ಸಣ್ಣ ಕಾಗದ ಅಂಟಿಸಿಕೊಂಡು ತಾ. ನಾನು ಅಂಗಡಿಯಲ್ಲಿ ಕೈಬೆರಳಿಂದ ತಡವಿ ಹುಡುಕುತ್ತೇನೆ. ಆದರೆ ಕಾಲು ನಿನ್ನದು, ನೋವು ನಿನಗೆ ಗೊತ್ತು. ನೀನು ಹಾಕಿದ ಗುರುತೇ ನನ್ನ ಬೆರಳಿಗಿಂತ ಸರಿ.

ಸ್ಟ್ರೆಚರ್ ಅಂದರೆ ಪಾದದ ಆಕಾರದ ಮರದ ಅಚ್ಚು. ಮುಂಭಾಗ ಉದ್ದಕ್ಕೆ ಎರಡು ಹೋಳಾಗಿರುತ್ತದೆ, ಹಿಂದೆ ಒಂದು ಹಿಡಿ. ಹಿಡಿ ತಿರುಗಿಸಿದರೆ ಸ್ಕ್ರೂ ಎರಡೂ ಹೋಳನ್ನು ದೂರ ತಳ್ಳುತ್ತದೆ. ಅಚ್ಚಿನ ಮೇಲೆ ಅಲ್ಲಲ್ಲಿ ತೂತುಗಳಿರುತ್ತವೆ. ನಿನ್ನ ಕೆಂಪು ಚುಕ್ಕೆ ಯಾವ ತೂತಿಗೆ ಎದುರಾಗುತ್ತದೋ ಆ ತೂತಿಗೆ ಒಂದು ಗುಂಡಿ ಸಿಕ್ಕಿಸುತ್ತೇವೆ. ಆಗ ಇಡೀ ಬೂಟು ಹಿಗ್ಗದೆ ಆ ಜಾಗ ಮಾತ್ರ ಹೊರಕ್ಕೆ ಬರುತ್ತದೆ. ಅದಕ್ಕೂ ಮುಂಚೆ ಚರ್ಮವನ್ನು ಸ್ವಲ್ಪ ಹಸಿ ಮಾಡಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್ ಅಂತ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದನ್ನೂ ನೀರನ್ನೂ ಸಮಸಮ ಬೆರೆಸಿ ಆ ಜಾಗಕ್ಕೆ ಸಿಂಪಡಿಸುತ್ತೇವೆ. ಮೊದಲು ನಾಲಿಗೆಯ ಒಳಬದಿಯಲ್ಲಿ, ಅಂದರೆ ಲೇಸಿನ ಕೆಳಗೆ ಬರುವ ಆ ಪಟ್ಟಿಯಲ್ಲಿ, ಒಂದು ಹನಿ ಹಾಕಿ ಬಣ್ಣ ಬಿಡುತ್ತಾ ಅಂತ ನೋಡಬೇಕು. ಕಂದು ಬೂಟಿಗೆ ಇದನ್ನು ಮರೆಯಲೇಬಾರದು.

ಆಮೇಲೆ ಅಚ್ಚು ಒಳಗೆ ಹೋಗುತ್ತದೆ. ಹಿಡಿ ಸಲೀಸಾಗಿ ತಿರುಗುವಷ್ಟು ತಿರುಗಿಸಿ, ಬಿಗಿ ಹತ್ತಿದ ಮೇಲೆ ಇನ್ನೊಂದು ಅರ್ಧ ಸುತ್ತು, ಅಷ್ಟೇ. ಇಲ್ಲಿ ಅವಸರ ಮಾಡಬಾರದು. ನಾನು ಹೆಬ್ಬೆರಳಿಂದ ಚರ್ಮ ಒತ್ತಿ ನೋಡುತ್ತೇನೆ. ಒತ್ತಿದರೆ ಒಂಚೂರು ಬಗ್ಗಬೇಕು. ಕಲ್ಲಿನ ಹಾಗಾಗಿದ್ದರೆ ಜಾಸ್ತಿ ಆಯಿತು ಅಂತ ಅರ್ಥ. ಹೊಲಿಗೆಯನ್ನೂ ನೋಡುತ್ತಿರಬೇಕು. ಹೊಲಿಗೆಯ ತೂತು ಚುಕ್ಕೆ ಹಾಗಿರಬೇಕು. ಅದು ಗೀರಿನ ಹಾಗೆ ಉದ್ದ ಆಗಿ ಒಳಗಿನ ದಾರ ಕಾಣಿಸತೊಡಗಿತು ಅಂದರೆ ಅಲ್ಲೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಬೇಕು. ಆ ಹೊಲಿಗೆ ಒಮ್ಮೆ ಬಿಟ್ಟರೆ ಬೂಟಿನ ಆಯಸ್ಸೇ ಅರ್ಧ ಆಗುತ್ತದೆ.

ಒಂದು ರಾತ್ರಿ ಹಾಗೇ ಬಿಡಬೇಕು. ಚರ್ಮ ಪೂರ್ತಿ ಆರುವ ತನಕ ಅಚ್ಚು ತೆಗೆಯಬಾರದು. ಇದು ಬಹಳ ಮುಖ್ಯ. ಚರ್ಮದೊಳಗೆ ತೆಂಗಿನ ನಾರಿನ ಹಾಗೆ ಎಳೆ ಎಳೆ ಹೆಣೆದುಕೊಂಡಿರುತ್ತವೆ. ಹಸಿ ಇದ್ದಾಗ ಆ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಆರಿದಾಗ ಇದ್ದಲ್ಲೇ ನಿಲ್ಲುತ್ತವೆ. ಹಸಿ ಇದ್ದಾಗಲೇ ತೆಗೆದರೆ ಹಿಂದಕ್ಕೆ ಸರಿದುಬಿಡುತ್ತವೆ. ಬೆಳಿಗ್ಗೆ ತೆಗೆದು ಹಾಕಿ ನೋಡಬೇಕು. ಸಾಲದಿದ್ದರೆ ಮತ್ತೆ ಒಂದು ರಾತ್ರಿ. ಒಂದೇ ಏಟಿಗೆ ಮಾಡುತ್ತೇನೆ ಅಂತ ಯಾರಾದರೂ ಅಂದರೆ ಬೂಟು ಕೊಡಬೇಡ. ಮೆತ್ತನೆ ಚರ್ಮ ಆದರೆ ಸುತ್ತಳತೆಯಲ್ಲಿ ಅರ್ಧ ಸೈಜಿನಷ್ಟು ಆರಾಮಾಗಿ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಆಸೆ ಇಟ್ಟುಕೊಳ್ಳಬಾರದು.

ಇನ್ನು ಆ ಮೂವರ ಸಲಹೆ. ಅಜ್ಜಿ ಹೇಳಿದ್ದರಲ್ಲಿ ಅನುಭವ ಇದೆ. ನಮ್ಮ ಬಯಲುಸೀಮೆಯಲ್ಲಿ ಕೆರದ ಚಪ್ಪಲಿ ಹೊಲಿಸಿದರೆ ಹರಳೆಣ್ಣೆ ಕುಡಿಸಿಯೇ ಹಾಕಿಕೊಳ್ಳುತ್ತಿದ್ದರು. ಆ ಚರ್ಮವೇ ಬೇರೆ. ಹೊಲದ ಬದುವಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ನೋಡಿರುತ್ತೀಯ, ಅದರ ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮ ಅದು. ಒಣಗಿದರೆ ಹಲಗೆ ಆಗುತ್ತಿತ್ತು, ಎಣ್ಣೆ ಬೇಕೇ ಬೇಕಿತ್ತು. ಈಗಿನ ಬೂಟಿನ ಮೇಲ್ಚರ್ಮ ಹೆಚ್ಚಿನದು ಕ್ರೋಮ್ ಉಪ್ಪಿನಲ್ಲಿ ಹದ ಮಾಡಿದ್ದು, ಮೇಲೆ ಬಣ್ಣದ ಲೇಪ ಬೇರೆ ಇರುತ್ತದೆ. ಅದಕ್ಕೆ ಅಡುಗೆಮನೆ ಎಣ್ಣೆ ಸುರಿದರೆ ಕಲೆ ಕಲೆಯಾಗಿ ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಅಟ್ಟೆಯ ಅಂಟೂ ಬಿಡಬಹುದು. ಎಣ್ಣೆ ಚರ್ಮವನ್ನು ಮೆತ್ತಗೆ ಮಾಡುತ್ತದೆಯೇ ಹೊರತು ಹಿಗ್ಗಿಸೋದಿಲ್ಲ. ಅಜ್ಜಿಗೆ ಬೇಜಾರಾಗದ ಹಾಗೆ ಹೇಳು. ಬೂಟು ಹಿಗ್ಗಿಸಿದ ಮೇಲೆ ಲೆದರ್ ಕಂಡೀಷನರ್ ಅಥವಾ ಬಣ್ಣವಿಲ್ಲದ ಕ್ರೀಮ್ ಪಾಲಿಶ್ ತೆಳುವಾಗಿ ಒಂದು ಕೈ ಹಚ್ಚು. ಅಜ್ಜಿ ಹೇಳಿದ ಉದ್ದೇಶ ಅದರಿಂದ ನೆರವೇರುತ್ತದೆ.

ಫ್ರೀಜರ್ ಬೇಡ. ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಹಿಗ್ಗುತ್ತದೆ, ನಿಜ. ಆದರೆ ಅದು ಎಲ್ಲಿ ಹಿಗ್ಗಬೇಕು ಅಂತ ನಿನ್ನ ಮಾತು ಕೇಳೋದಿಲ್ಲ. ಕಿರುಬೆರಳಿಗೆ ಜಾಗ ಬೇಕಾದರೆ ಅದು ಕಣಕಾಲಿನ ಹತ್ತಿರ ತಳ್ಳುತ್ತದೆ. ಕವರ್ ಒಡೆದರೆ ಒಳಗೆಲ್ಲ ನೀರು.

ಒದ್ದೆ ಮಾಡಿ ಓಡಾಡುವುದು ಹಳೇ ಸೈನಿಕರ ಕಾಲದ ಮಾತು. ಒದ್ದೆ ಬೂಟಿನಲ್ಲಿ ಪಾದದ ಚರ್ಮವೂ ನೆನೆದು ಮೆತ್ತಗಾಗುತ್ತದೆ. ಬೊಬ್ಬೆ ಬರೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ನೀರು ಅಟ್ಟೆಯ ಅಂಟಿನೊಳಗೂ ಇಳಿಯುತ್ತದೆ. ಒದ್ದೆ ಆದ ಬೂಟನ್ನು ಬೇಗ ಆರಲಿ ಅಂತ ಒಲೆ ಹತ್ತಿರ, ಬಿಸಿಲಿನ ತಾರಸಿ ಮೇಲೆ ಇಟ್ಟೆಯೋ, ಇದ್ದ ಚರ್ಮವೂ ಸೆಟೆದುಕೊಂಡು ಕುಗ್ಗುತ್ತದೆ. ಹೇರ್ ಡ್ರೈಯರ್ ಹಿಡಿಯುವವರೂ ಇದ್ದಾರೆ. ಅಂಟಿಸಿದ ಅಟ್ಟೆಯ ಬೂಟಿಗೆ ಬಿಸಿ ತಾಗಿಸೋದು ನನಗಂತೂ ಸ್ವಲ್ಪವೂ ಇಷ್ಟ ಇಲ್ಲ.

ನಿನಗೆ ಸ್ಟ್ರೆಚರ್ ಹುಡುಕಿಕೊಂಡು ತುಮಕೂರಿಗೇ ಬರಬೇಕು ಅಂತೇನಿಲ್ಲ. ಕೊರಟಗೆರೆಯಲ್ಲೇ ಚಪ್ಪಲಿ ಹೊಲಿಯುವವರನ್ನು ಕೇಳು. ಅವರ ಹತ್ತಿರ ಸ್ಕ್ರೂ ಅಚ್ಚು ಇರದಿದ್ದರೂ ಮರದ ಅಚ್ಚಿನ ಮೇಲೆ ಚರ್ಮದ ತುಂಡು ಸೇರಿಸಿ, ಬೇಕಾದ ಜಾಗ ಉಬ್ಬಿಸಿ ಕೂರಿಸೋದು ಹಳಬರಿಗೆ ಗೊತ್ತಿರುತ್ತದೆ. ರಸ್ತೆ ಬದಿ ಛತ್ರಿ ಕೆಳಗೆ ಕೂತಿದ್ದಾರೆ ಅಂತ ಅನುಮಾನ ಪಡಬೇಡ. ಆ ಕೈಗಳಿಗೆ ಚರ್ಮದ ಗುಣ ಗೊತ್ತು.

ಹಿಗ್ಗಿಸಿದ ಮೇಲೆ ಮೊದಲ ಕೆಲವು ದಿನ ಮನೆಯೊಳಗೇ ಹಾಕು. ಒಂದು ಗಂಟೆ, ಎರಡು ಗಂಟೆ ಅಂತ ಜಾಸ್ತಿ ಮಾಡಿಕೊಂಡು ಹೋಗು. ಮೊದಲ ದಿನವೇ ಹಾಕಿಕೊಂಡು ಸಿದ್ದರಬೆಟ್ಟ ಹತ್ತಬೇಡ. ಅಣ್ಣನಿಗೂ ಹೇಳಿಬಿಡು. "ಬೂಟು ಚೆನ್ನಾಗಿದೆ, ಅಗಲ ಸ್ವಲ್ಪ ಬಿಡಿಸಿಕೊಂಡೆ" ಅಂದರೆ ಅವನಿಗೆ ಖುಷಿಯೇ ಆಗುತ್ತದೆ. ಬೂಟು ಪೆಟ್ಟಿಗೆಯಲ್ಲೇ ಇರೋದನ್ನು ನೋಡಿದರೆ ಅವನಿಗೆ ಇನ್ನೂ ಬೇಜಾರಾಗುತ್ತದೆ ಅಲ್ವಾ?

ಪ್ರಶ್ನೆ: ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಸೇಫ್ಟಿ ಶೂ ಮುಂದೆ ಬೆರಳಿಗೆ ಒತ್ತುತ್ತದೆ. ಹಿಗ್ಗಿಸಿಕೊಡುತ್ತೀರಾ?
— ತುಮಕೂರಿನ ಓದುಗ

ಉತ್ತರ: ಇಲ್ಲ, ನಾನು ಮುಟ್ಟೋದಿಲ್ಲ. ಬೇರೆಯವರ ಹತ್ತಿರವೂ ಮಾಡಿಸಬೇಡಿ. ಬೆರಳ ಮೇಲೆ ಇರುವುದು ಉಕ್ಕಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಟೋಪಿ. 200 ಜೂಲ್ ಏಟು ತಡೆಯಬೇಕು ಅಂತ ಪರೀಕ್ಷೆ ಮಾಡಿ ಕೂರಿಸಿರುತ್ತಾರೆ. ಅಂದರೆ 20 ಕಿಲೋ ತೂಕ ಸುಮಾರು ಒಂದು ಮೀಟರ್ ಮೇಲಿಂದ ಬಿದ್ದ ಹಾಗೆ. ಅದು ಹಿಗ್ಗೋದಿಲ್ಲ. ಬಡಿದು, ಬಿಸಿ ಮಾಡಿ ಆಕಾರ ಕೆಡಿಸಿದರೆ ಅದು ಇದ್ದೂ ಇಲ್ಲದ ಹಾಗೆ. ಸ್ಟೋರಿನವರನ್ನು ಕೇಳಿ ದೊಡ್ಡ ಸೈಜ್ ತಗೊಳ್ಳಿ, ಅಗಲ ಮುಂಭಾಗದ್ದು ಇದ್ದರೆ ಅದನ್ನೇ ಕೇಳಿ. ಸರಿಯಾದ ಅಳತೆ ಕೇಳೋದು ನಿಮ್ಮ ಹಕ್ಕು, ಹಿಂಜರಿಯಬೇಡಿ. ಒತ್ತು ಟೋಪಿಯಲ್ಲಿ ಅಲ್ಲದೆ ಅದರ ಹಿಂದೆ, ಬೆರಳು ಮಡಿಯುವ ಜಾಗದಲ್ಲಿ ಇದ್ದರೆ ಮಾತ್ರ ತಂದು ತೋರಿಸಿ, ಅಲ್ಲಿ ಚರ್ಮ ಸ್ವಲ್ಪ ಬಿಡಿಸಬಹುದು.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸ್, ಎನ್‌ಸಿಸಿಯಲ್ಲಿದ್ದಾನೆ. ನೆಂಟರ ಹುಡುಗನ ಹಳೇ ಕಪ್ಪು ಬೂಟು ಕೊಟ್ಟಿದ್ದಾರೆ. ಗಟ್ಟಿಯಾಗಿದೆ, ಬಿಗಿಯೂ ಇದೆ. ಪೆರೇಡಿಗೆ ಸರಿಮಾಡಬಹುದೇ?
— ತಿಪಟೂರಿನ ತಾಯಿ

ಉತ್ತರ: ಅಮ್ಮಾ, ನಿಮ್ಮ ಹುಡುಗನ ವಯಸ್ಸು ನೋಡಿ ಹೇಳುತ್ತಿದ್ದೇನೆ. ಮೇಲೆ ಹೇಳಿದ ಆ ಪಾದದ ಅಳತೆಯಲ್ಲೇ ಇನ್ನೊಂದು ವಿಷಯ ಗೊತ್ತಾಗಿತ್ತು. ಹೆಣ್ಣುಮಕ್ಕಳ ಪಾದ ಸುಮಾರು 11 ವರ್ಷಕ್ಕೆ, ಗಂಡುಮಕ್ಕಳದು 15-16ಕ್ಕೆ ಬೆಳೆದು ನಿಲ್ಲುವ ಹಂತಕ್ಕೆ ಬರುತ್ತದಂತೆ. ನಿಮ್ಮ ಮಗನ ಕಾಲು ಇನ್ನೂ ಬೆಳೆಯುತ್ತಿದೆ. ಇವತ್ತು ಅಗಲಕ್ಕೆ ಬಿಗಿ ಇದ್ದದ್ದು ಸ್ವಲ್ಪ ದಿನಕ್ಕೆ ಉದ್ದಕ್ಕೂ ಸಾಲದಾಗುತ್ತದೆ. ಈಗಲೇ ಬೆರಳು ತುದಿಗೆ ತಾಗುತ್ತಿದ್ದರೆ ಹಿಗ್ಗಿಸುವ ಖರ್ಚು ಮಾಡಲೇಬೇಡಿ. ಬೆಳೆಯೋ ಮಕ್ಕಳ ಬೆರಳನ್ನು ಮಡಚಿ ಬೂಟಿನೊಳಗೆ ತುರುಕಬಾರದು. ಆ ಬೂಟನ್ನು ಇನ್ನೊಬ್ಬ ಚಿಕ್ಕ ಹುಡುಗನಿಗೆ ದಾಟಿಸಿ.

ಉದ್ದ ಇನ್ನೂ ಇದೆ ಅಂದರೆ ದಾರಿ ಇದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಚರ್ಮ ಒಣಗಿರುತ್ತದೆ. ಅದನ್ನು ಹಾಗೇ ಎಳೆದರೆ ಸೀಳುತ್ತದೆ. ಮೊದಲು ಹಸಿ ಬಟ್ಟೆಯಲ್ಲಿ ಹಳೇ ಪಾಲಿಶ್, ಧೂಳು ಒರೆಸಿ. ಕಂಡೀಷನರ್ ತೆಳುವಾಗಿ ಹಚ್ಚಿ ಒಂದು ದಿನ ಬಿಡಿ. ಹೀರಿಕೊಂಡರೆ ಮತ್ತೊಂದು ಕೈ. ಬೆರಳು ಮಡಿಯುವ ಜಾಗದಲ್ಲಿ ಬಗ್ಗಿಸಿ ನೋಡಿ. ಮೆತ್ತಗೆ ಬಗ್ಗಿದರೆ ಹಿಗ್ಗಿಸೋಣ. ಬಿರುಕು ಬಾಯಿ ಬಿಟ್ಟರೆ ಅದರ ಆಯಸ್ಸು ಮುಗಿದಿದೆ. ಒಂದು ವಿಷಯ ಮಗನಿಗೆ ಹೇಳಿ. ಮೂತಿ ಕನ್ನಡಿ ತರಹ ಹೊಳೆಯಲಿ ಅಂತ ಹುಡುಗರು ಪದರ ಪದರವಾಗಿ ಪಾಲಿಶ್ ಉಜ್ಜುತ್ತಾರೆ. ಆ ಕೆಲಸ ಹಿಗ್ಗಿಸಿದ ಮೇಲೆ ಮಾಡಲಿ. ಮೊದಲೇ ಮಾಡಿದರೆ ಅಚ್ಚು ಹಾಕಿದಾಗ ಮೇಣವೆಲ್ಲ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಪಟ್ಟ ಶ್ರಮ ಎಲ್ಲ ಹೋಗುತ್ತದೆ.

ಪ್ರಶ್ನೆ: ನನಗೆ 66 ವರ್ಷ, ಸಕ್ಕರೆ ಕಾಯಿಲೆ ಹಳೆಯದು. ಮೊಮ್ಮಗಳ ಮದುವೆಗೆ ಅಂತ ಚರ್ಮದ ಶೂ ತಗೊಂಡೆ. ಬಿಗಿ ಇದೆ ಅಂತ ಮನೆಯವರು ಹೇಳುತ್ತಾರೆ. ನನಗೆ ನೋವೇನೂ ಇಲ್ಲ. ಹಾಕುತ್ತಾ ಹಾಕುತ್ತಾ ಸಡಿಲ ಆಗುತ್ತೆ ಅಲ್ಲವೇ?
— ಗುಬ್ಬಿಯ ಹಿರಿಯ ಓದುಗರು

ಉತ್ತರ: ಯಜಮಾನರೇ, ಈ ಸಲ ಬಂದ ಪತ್ರಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ನಿಮ್ಮದೇ. "ನೋವೇನೂ ಇಲ್ಲ" ಅಂತ ಬರೆದಿದ್ದೀರಲ್ಲ, ಭಯ ಆಗೋದು ಅದಕ್ಕೇ. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದರೆ ಪಾದದ ನರಕ್ಕೆ ಸ್ಪರ್ಶ ಗೊತ್ತಾಗೋದು ಕಡಿಮೆ ಆಗಬಹುದು. ಬೂಟು ಕಚ್ಚಿದರೂ ತಿಳಿಯೋದಿಲ್ಲ. ಬೇರೆಯವರು ನೋವಾಗಿ ಬೂಟು ಬಿಚ್ಚುತ್ತಾರೆ, ನೀವು ಹಾಕಿಕೊಂಡೇ ಇರುತ್ತೀರಿ. ರಾತ್ರಿ ಕಾಲುಚೀಲ ತೆಗೆದಾಗ ರಕ್ತ ನೋಡಿ ಗೊತ್ತಾಗುತ್ತದೆ. ಆ ಗಾಯ ಬೇಗ ಮಾಯೋದಿಲ್ಲ. ಸಣ್ಣ ಬೊಬ್ಬೆಯಿಂದ ಶುರುವಾಗಿ ಬೆರಳನ್ನೇ ತೆಗೆಯುವ ತನಕ ಹೋದವರಿದ್ದಾರೆ.

ಅದಕ್ಕೇ ನಿಮಗೆ "ಹಾಕುತ್ತಾ ಹಾಕುತ್ತಾ ಸಡಿಲ ಆಗುತ್ತೆ" ಅನ್ನೋ ಮಾತು ಸಲ್ಲದು. ನಿಮ್ಮ ಕಾಲಿನಿಂದ ಬೂಟು ಹಿಗ್ಗಿಸಬೇಡಿ. ಮನೆಯವರು ಬಿಗಿ ಅಂದರೆ ಅವರ ಮಾತೇ ಸರಿ. ಅವರ ಕಣ್ಣು ಈಗ ನಿಮ್ಮ ಪಾದದ ಕೆಲಸ ಮಾಡುತ್ತಿದೆ. ದೊಡ್ಡ ಹಾಳೆಯ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆಸಿ. ಕತ್ತರಿಸಿ ಶೂ ಒಳಗೆ ಇಟ್ಟು ನೋಡಿ. ಹಾಳೆ ಅಂಚಿನಲ್ಲಿ ಮಡಚಿದರೆ ಪಾದವೂ ಅಷ್ಟೇ ಮಡಚುತ್ತಿದೆ ಅಂತ ತಿಳಿಯಿರಿ. ಅಂಥ ಶೂ ವಾಪಸ್ ಕೊಡಿ, ಇಲ್ಲವೇ ಮಗನಿಗೆ ಕೊಡಿ. ಅಗಲ ಮೂತಿಯ, ಒಳಗೆ ಹೊಲಿಗೆ ಉಬ್ಬದ, ಮೆತ್ತನೆ ಚರ್ಮದ ಶೂ ತಗೊಳ್ಳಿ. ದಿನವೂ ಓಡಾಡೋಕೆ ಎಂಸಿಆರ್ ಅಟ್ಟೆಯ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೇದು. ಮೆತ್ತನೆ ರಬ್ಬರಿನ ಆ ಅಟ್ಟೆ ಒತ್ತಡವನ್ನು ಪಾದಕ್ಕೆಲ್ಲ ಹಂಚುತ್ತದೆ. ಯಾವುದೇ ಶೂ ಹಾಕುವ ಮುಂಚೆ ಒಳಗೆ ಕೈ ಹಾಕಿ ಕಲ್ಲು, ಮೊಳೆ, ಮಡಿಕೆ ಇದೆಯಾ ನೋಡಿ. ರಾತ್ರಿ ಯಾರಾದರೂ ನಿಮ್ಮ ಅಂಗಾಲು, ಬೆರಳ ಸಂದಿ ನೋಡಲಿ. ಕೆಂಪಾಗಿದ್ದರೂ ಸಾಕು, ಆ ಶೂ ಮತ್ತೆ ಬೇಡ. ಆಣಿ ಇದ್ದರೆ ಬ್ಲೇಡಿನಲ್ಲಿ ಕೆತ್ತಬೇಡಿ. ಮದುವೆಗೆ ಮುಂಚೆ ಒಮ್ಮೆ ಜಿಲ್ಲಾ ಆಸ್ಪತ್ರೆಗೋ ನಿಮ್ಮ ಡಾಕ್ಟರ ಹತ್ತಿರವೋ ಹೋಗಿ, ಪಾದ ಪರೀಕ್ಷೆ ಮಾಡಿ ಅಂತ ಬಾಯಿ ಬಿಟ್ಟು ಕೇಳಿ. ಮೊಮ್ಮಗಳ ಮದುವೆಯಲ್ಲಿ ನೀವು ಚಪ್ಪಲಿ ಹಾಕಿಕೊಂಡು ಓಡಾಡಿದರೆ ಯಾರೂ ಏನೂ ಅನ್ನೋದಿಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ತರಿಸಿದ ಉದ್ದ ಬೂಟು. ಲೆದರ್ ಅಂತಲೇ ಬರೆದಿತ್ತು. ಸ್ಟ್ರೆಚರ್ ಹಾಕಿದ ದಿನ ಸರಿ ಅನಿಸುತ್ತದೆ, ಮಾರನೇ ದಿನ ಮತ್ತೆ ಬಿಗಿ. ಯಾಕೆ?
— ಸಿರಾದಿಂದ ಓದುಗಿ

ಉತ್ತರ: ಅದು ರೆಕ್ಸಿನ್ ಇರಬೇಕು ಕಣಮ್ಮ. ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಹಾಕಿ ಚರ್ಮದ ಗೆರೆ ಒತ್ತಿರುತ್ತಾರೆ. ಅದರೊಳಗೆ ಜಾರಿ ಹೊಸ ಜಾಗ ಹಿಡಿಯುವ ಎಳೆಗಳಿಲ್ಲ, ಬಿಟ್ಟ ತಕ್ಷಣ ಹಳೇ ಅಳತೆಗೆ ಹೋಗುತ್ತದೆ. ಜಾಸ್ತಿ ಎಳೆದರೆ ಲೇಪ ಸುಲಿದುಬರುತ್ತದೆ. ಜಿಪ್ಪಿನ ಹತ್ತಿರ, ಇಲ್ಲ ನಾಲಿಗೆಯ ಅಂಚಿನಲ್ಲಿ ಕತ್ತರಿಸಿದ ಬದಿ ನೋಡು. ಚರ್ಮ ಆದರೆ ನಾರು ನಾರಾಗಿ ಕಾಣುತ್ತದೆ. ರೆಕ್ಸಿನ್ ಆದರೆ ಮೇಲೆ ನಯವಾದ ಪದರ, ಕೆಳಗೆ ಬಟ್ಟೆಯ ನೇಯ್ಗೆ ಕಾಣುತ್ತದೆ. ಬೆಂಕಿ ತಾಗಿಸಿ ನೋಡೋದೆಲ್ಲ ಬೇಡ. ಬಿಗಿ ಇರುವುದು ಮೀನಖಂಡದ ಹತ್ತಿರ ಆದರೆ ಜಿಪ್ಪಿನ ಪಕ್ಕ ಬಿಚ್ಚಿ ಅಗಲ ಎಲಾಸ್ಟಿಕ್ ಪಟ್ಟಿ ಸೇರಿಸಿ ಹೊಲಿಯಬಹುದು. ಪಾದದ ಹತ್ತಿರ ಆದರೆ ಬದಲಾಯಿಸಿಕೊಳ್ಳೋದೇ ದಾರಿ.

ಪ್ರಶ್ನೆ: ನನ್ನ ಬೂಟು ಹಿಗ್ಗಿಸಿದ ಮೇಲೆ ಎಡಗಾಲು ಸರಿಹೋಯಿತು, ಬಲಗಾಲಿನ ಹಿಮ್ಮಡಿ ಜಾರುತ್ತಿದೆ. ಮತ್ತೆ ಕುಗ್ಗಿಸಬಹುದೇ?
— ಮಧುಗಿರಿಯ ಓದುಗ

ಉತ್ತರ: ಎರಡೂ ಬೂಟನ್ನು ಒಂದೇ ಅಳತೆಗೆ ಎಳೆಸಿರುತ್ತೀರಿ. ಹೆಚ್ಚಿನವರಿಗೆ ಒಂದು ಪಾದ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿರುತ್ತದೆ. ಹಾಗಾಗಿ ಯಾವುದು ಬಿಗಿಯೋ ಅದನ್ನು ಮಾತ್ರ ಕೊಡಬೇಕು. ಹಿಗ್ಗಿದ ಚರ್ಮವನ್ನು ಕುಗ್ಗಿಸಲು ಹೋಗಬೇಡಿ, ನೀರು ಹಾಕಿ ಬಿಸಿಲಿಗಿಟ್ಟರೆ ಸುಕ್ಕುಗಟ್ಟುತ್ತದೆ. ಬದಲಿಗೆ ಜಾಗ ತುಂಬಿಸಿ. ನಾಲಿಗೆಯ ಒಳಬದಿಗೆ ಫೆಲ್ಟ್, ಅಂದರೆ ಒತ್ತಿ ಮಾಡಿದ ದಪ್ಪ ಬಟ್ಟೆಯ ತುಂಡು ಅಂಟಿಸಿದರೆ ಅದು ಪಾದವನ್ನು ಹಿಂದಕ್ಕೆ ತಳ್ಳಿ ಹಿಮ್ಮಡಿಯನ್ನು ಕೂರಿಸುತ್ತದೆ. ಅದೂ ಸಾಲದಿದ್ದರೆ ತೆಳು ಇನ್‌ಸೋಲ್ ಒಂದು. ಬೆಟ್ಟ ಹತ್ತುವವರಾದರೆ ಲೇಸನ್ನು ಕಣಕಾಲಿನ ಬಾಗುವ ಜಾಗದಲ್ಲಿ ಒಂದಕ್ಕೊಂದು ಎರಡು ಸುತ್ತು ಹೊಸೆದು ಬಿಗಿದು, ಆಮೇಲೆ ಮೇಲಕ್ಕೆ ಕಟ್ಟಿ. ಏಕಶಿಲಾ ಬೆಟ್ಟದಿಂದ ಇಳಿಯೋವಾಗ ಪಾದ ಮುಂದಕ್ಕೆ ಜಾರೋದು ಇದರಿಂದ ಕಡಿಮೆ ಆಗುತ್ತದೆ.